ಇನ್ನೂರ ಹದಿನಾಲ್ಕು ಚೀಟಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಆರನೇ ಕ್ಲಾಸಿನಿಂದ ಹನ್ನೆರಡನೇ ಕ್ಲಾಸಿನವರೆಗಿನ ಮಕ್ಕಳಿಗೆ ಕೋಡಿಂಗ್ ಹೇಳಿಕೊಡುವವಳಿಗೆ ಸಿಟ್ಟು ಬಾರದಿದ್ದರೆ ಅವಳಿಗೇನೋ ಕಾಯಿಲೆ ಇದೆ ಎಂದೇ ಅರ್ಥ. ಕೆಳಗಿನಿಂದ ಇಸ್ತ್ರಿಯ ಆವಿ ಏರಿ ಬರುತ್ತದೆ. ನನ್ನ ಒಂಬತ್ತು ಹಳೇ ಕಂಪ್ಯೂಟರುಗಳು ತಮ್ಮ ಪಾಲಿನ ಬಿಸಿಯನ್ನು ಅದಕ್ಕೆ ಸೇರಿಸುತ್ತವೆ. ಅದರ ನಡುವೆ ಏಳನೇ ಕ್ಲಾಸಿನವನೊಬ್ಬ ಎದ್ದು ನಿಂತು, "ಮಿಸ್, ನಾನು ಶನಿವಾರದೊಳಗೆ ಇಡೀ ಪ್ರಪಂಚಕ್ಕೆ ಒಂದು ಆ್ಯಪ್ ಮಾಡ್ತೀನಿ" ಎನ್ನುತ್ತಾನೆ.

"ಪ್ರಪಂಚ ಅಂದ್ರೆ ಯಾರಪ್ಪ? ನಿಮ್ಮನೇಲಿ ಯಾವ ರೂಮಲ್ಲಿ ಮಲಗತ್ತೆ ಅದು?" ಎಂದು ನಾನು ಕೇಳುತ್ತೇನೆ.

ಕಲಿಸುವುದು ಕಷ್ಟವಲ್ಲ. ಪ್ರಾಜೆಕ್ಟ್ ಆರಿಸುವುದು ಕಷ್ಟ. ಮಕ್ಕಳಿಗೆ ಪ್ರಪಂಚ ಬೇಕು, ಅಪ್ಪಂದಿರಿಗೆ ನೆಂಟರ ಮುಂದೆ ತೋರಿಸುವಂಥದ್ದು ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಈ ಮನೆಗಳಲ್ಲಿ ಯಾರೂ ಹೇಳಿಕೊಟ್ಟಿಲ್ಲವೋ ಏನೋ. ಮೂರು ತಿಂಗಳ ಕೊನೆಗೆ ಒಂದು ಸಣ್ಣ, ಕೆಲಸ ಮಾಡುವ ವಸ್ತು ತೋರಿಸಿದರೆ, "ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲ ಮೇಡಂ" ಎನ್ನುತ್ತಾರೆ. ಇಲಿಯಾದರೂ ಸಿಕ್ಕಿತಲ್ಲ ಸಾರ್, ಬರಿಗೈಲಿ ಬಂದವರು ಎಷ್ಟೋ ಜನ ಇದ್ದಾರೆ ಎನ್ನುತ್ತೇನೆ. ಅವರಿಗೆ ಸಮಾಧಾನ ಆಗುವುದಿಲ್ಲ.

ಅದಕ್ಕೇ ನಾನೊಂದು ಫಾರ್ಮ್ ಮಾಡಿದ್ದೇನೆ. ಒಂದೇ ಹಾಳೆ, ಮೂರೇ ಪ್ರಶ್ನೆ. ಇದನ್ನು ನಿಮ್ಮ ಮನೆಯಲ್ಲಿ ಯಾರು ಬಳಸುತ್ತಾರೆ? ಇದು ಇಲ್ಲದೆ ಅವರು ಈಗ ಏನು ಮಾಡುತ್ತಿದ್ದಾರೆ? ಇದು ಕೆಟ್ಟರೆ ನಿಮಗೆ ಬೈಯುವವರು ಯಾರು? ಮೂರನೆಯದಕ್ಕೆ ಉತ್ತರ ಇಲ್ಲದ ಪ್ರಾಜೆಕ್ಟನ್ನು ನಾನು ಮುಟ್ಟುವುದಿಲ್ಲ. ಬೈಯಲು ಜನ ಇಲ್ಲ ಎಂದರೆ ಬೇಕಾದವರೂ ಇಲ್ಲ. ಹಾಳೆಯ ಕೆಳಗೆ ಏಳು ಚೌಕಗಳಿವೆ. ಸತತ ಏಳು ದಿನ, ಆ ದಿನ ನಿಜವಾಗಿ ಬಳಸಿದವರು ಅಲ್ಲಿ ಸಹಿ ಹಾಕಬೇಕು. ಸಹಿ ಹಾಕುವವರು ಮಗುವಾಗಿರಬಾರದು, ನಾನಾಗಿರಬಾರದು.

ಏಳು ಚೌಕ ತುಂಬುವುದು ಸುಲಭವಲ್ಲ. ಒಬ್ಬ ಹುಡುಗ ತನ್ನ ತಾತ ಕನ್ನಡಕ ಎಲ್ಲಿಟ್ಟಿದ್ದಾರೆಂದು ಹೇಳುವ ಪ್ರೋಗ್ರಾಂ ಬರೆದ. ಚೆನ್ನಾಗಿಯೇ ಬರೆದಿದ್ದ. ಆದರೆ ಅದನ್ನು ಓದಲು ತಾತನಿಗೆ ಕನ್ನಡಕ ಬೇಕಿತ್ತು. ಏಳು ಚೌಕವೂ ಖಾಲಿ ಬಂದವು.

ನನ್ನ ಕ್ಲಾಸಿನಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬಳಿದ್ದಾಳೆ. ಹಿಡಿದದ್ದನ್ನು ಬಿಡುವುದಿಲ್ಲವಾದ್ದರಿಂದ ನಾನು ಅವಳನ್ನು ಪಟ್ಟು ಎಂದು ಕರೆಯುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಮಕ್ಕಳಲ್ಲಿ, ತಪ್ಪು ಸಿಕ್ಕಿದರೆ ಖುಷಿಪಡುವವಳು ಅವಳೊಬ್ಬಳೇ. ಉಳಿದವರು ತಪ್ಪು ಸಿಕ್ಕಿದರೆ ನನ್ನ ಮುಖ ನೋಡುತ್ತಾರೆ, ಇವಳು ತಪ್ಪಿನ ಮುಖ ನೋಡುತ್ತಾಳೆ. ಬಾಯಿಬಿಟ್ಟು ಹೇಳುವುದಾದರೆ, ಅವಳೆಂದರೆ ನನಗೆ ಪ್ರಾಣ.

ಅವಳ ಅಪ್ಪ ನೀರಿನ ಕಚೇರಿಯ ಮೂರನೇ ಕೌಂಟರಿನ ಗುಮಾಸ್ತರು. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತು "ನಂಬರ್ ಬರಲಿ" ಎನ್ನುತ್ತಿದ್ದಾರೆ. ಒಮ್ಮೆ ಅವರ ಸ್ವಂತ ಭಾವಮೈದುನ ಹೋಗಿ, "ಭಾವ, ನಾನು" ಎಂದನಂತೆ. "ಚೀಟಿ ತಗೊಳ್ಳಿ" ಎಂದರಂತೆ ಇವರು. ಆ ಭಾವಮೈದುನ ಈಗಲೂ ಅವರ ಮನೆಗೆ ಬಂದರೆ ಒಳಗೆ ಬರುವ ಮುಂಚೆ ಬಾಗಿಲಲ್ಲಿ ಚೀಟಿ ಕೇಳುತ್ತಾನೆ, ತಮಾಷೆಗೆ. ಇವರು ನಗುವುದಿಲ್ಲ.

ತಿಂಗಳ ಹಿಂದೆ ಅವರು ನನ್ನ ಕೋಣೆಗೆ ಬಂದು, ಕುರ್ಚಿ ಖಾಲಿಯಿದ್ದರೂ ನಾನು ಹೇಳುವವರೆಗೆ ಕೂರದೆ ನಿಂತು, ವಿಷಯ ಹೇಳಿದರು.

"ಮೇಡಂ, ಮಗಳಿಗೆ ಬಿಡುವಿರೋದು ಶನಿವಾರ ಮಧ್ಯಾಹ್ನ ಮಾತ್ರ. ಅದೇ ಹೊತ್ತಿಗೆ ಸೈನ್ಸ್ ಟ್ಯೂಷನ್‌ನಲ್ಲಿ ಸೀಟು ಸಿಕ್ಕಿದೆ. ಇವಳು ಇಲ್ಲಿಗೇ ಬರ್ತೀನಿ ಅಂತ ಹಟ ಹಿಡಿದಿದಾಳೆ. ನಿಮ್ಮ ಫಾರ್ಮ್ ನೋಡಿದೆ. ಒಳ್ಳೆ ಫಾರ್ಮು. ಏಳು ಚೌಕ ತುಂಬಿದ್ರೆ ಇಲ್ಲೇ ಇರ್ಲಿ. ಆರಾದ್ರೆ ಟ್ಯೂಷನ್ನು."

"ಆರು ತುಂಬಿ ಒಂದು ತಪ್ಪಿದ್ರೂನಾ?"

"ಆರು ಅಂದ್ರೆ ಏಳಲ್ಲ ಅಲ್ವಾ ಮೇಡಂ."

ಅವರು ಹೋದ ಮೇಲೆ ಪಟ್ಟು ತನ್ನ ಪಟ್ಟಿ ತೋರಿಸಿದಳು. ಎರಡು ಪುಟ ತುಂಬ ಗಾಳಿಗೋಪುರ. ಮನಸ್ಸಿನಲ್ಲಿರುವುದನ್ನು ಓದುವ ಪ್ರೋಗ್ರಾಂ, ಪರೀಕ್ಷೆಯೇ ಬೇಡವೆಂದು ಸರ್ಕಾರಕ್ಕೆ ಅರ್ಜಿ ಬರೆಯುವ ಪ್ರೋಗ್ರಾಂ. ಎಲ್ಲದರ ಮೇಲೂ ಗೀಟು ಎಳೆದೆ. ಮುಂದಿನ ಶನಿವಾರ ಅವಳು ನಲವತ್ತು ನಿಮಿಷ ತಡವಾಗಿ ಬಂದಳು.

"ಯಾಕೆ ತಡ?"

"ಬಾತ್‌ರೂಮ್ ಸಿಗಲಿಲ್ಲ ಮಿಸ್. ಮಧ್ಯಾಹ್ನಾನೂ ಚಿಕ್ಕಪ್ಪ ಒಳಗಿದ್ರು. ಅವರು ಒಳಗೆ ಹೋದ್ರೆ ಗಡ್ಡ ತೆಗೆಯೋದಲ್ಲ, ಬೆಳೆಸ್ಕೊಂಡು ಆಮೇಲೆ ತೆಗೀತಾರೆ."

"ಫಾರ್ಮ್ ತಗೊ. ಬರಿ. ಅದೇ ಕಣೇ ನಿನ್ನ ಪ್ರಾಜೆಕ್ಟು" ಎಂದೆ.

ಅವರದು ಮೂರನೇ ಮಹಡಿಯ ಮನೆ. ಅಪ್ಪ, ಅಮ್ಮ, ಪಟ್ಟು, ಚಿಕ್ಕಪ್ಪ, ಅಪ್ಪನ ತಾಯಿ, ಒಟ್ಟು ಐದು ಜನ. ಸ್ನಾನಕ್ಕೂ ಮಿಕ್ಕಿದ್ದಕ್ಕೂ ಇರುವುದು ಒಂದೇ ಬಚ್ಚಲು, ಅದರೊಳಗೆ ಒಂದು ಪುಟ್ಟ ಗೀಸರ್. ಬೆಳಗ್ಗೆ ಆರರಿಂದ ಎಂಟರವರೆಗೆ ಆ ಬಾಗಿಲ ಮುಂದೆ ದಿನಾ ಜಗಳ. ಪಟ್ಟು ಬರೆದ ಪ್ರೋಗ್ರಾಂ ಸರಳವಾಗಿತ್ತು. ಬಾಗಿಲ ಪಕ್ಕ ಹಳೇ ಟ್ಯಾಬ್ಲೆಟ್ ಒಂದನ್ನು ನೇತುಹಾಕುವುದು. ಅದರಲ್ಲಿ ಐವರ ಫೋಟೋ. ನಿಮ್ಮ ಫೋಟೋ ಒತ್ತಿದರೆ ನಿಮಗೊಂದು ನಂಬರಿನ ಚೀಟಿ ಬರುತ್ತದೆ. ಬೆಳಗ್ಗೆ ನಾಲ್ಕೂವರೆಗೆ ಯಂತ್ರ ತಾನೇ ಎದ್ದು ಒಂದರಿಂದ ಶುರುಮಾಡುತ್ತದೆ.

"ಮಿಸ್, ಒಬ್ಬರೇ ಎರಡು ಚೀಟಿ ತಗೋಬಹುದಾ?" ಎಂದು ಅವಳು ಕೇಳಿದ್ದಳು. ಇದನ್ನು ಮುಚ್ಚಿಡುವುದಿಲ್ಲ. ಅವಳು ಕೇಳಿದಳು, ನಾನು ಆಗ ಇನ್ನೊಬ್ಬನ ಪರದೆಯ ಮೇಲೆ ಬಗ್ಗಿ ಬೈಯುತ್ತಿದ್ದೆ, ತಿರುಗಿ ಕೂಡ ನೋಡದೆ, "ತಗೊಳ್ಳಲಿ ಬಿಡು. ಹಲ್ಲುಜ್ಜೋಕೊಂದು, ಸ್ನಾನಕ್ಕೊಂದು" ಎಂದೆ.

ಅಪ್ಪನಿಗೆ ಈ ಪ್ರಾಜೆಕ್ಟ್ ಕಂಡು ಆದ ಸಂತೋಷ ಹೇಳತೀರದು. ಕಚೇರಿಯಲ್ಲಿ ಮೂಲೆಗೆ ಹಾಕಿದ್ದ ಚೀಟಿ ಮುದ್ರಿಸುವ ಯಂತ್ರವನ್ನು ಲಿಖಿತ ಅನುಮತಿ ಪಡೆದು ಮನೆಗೆ ತಂದರು, ಎರಡು ಕಾಗದದ ಸುರುಳಿ ಸಮೇತ. ಬಚ್ಚಲ ಬಾಗಿಲಿನಿಂದ ಮೂರು ಅಡಿ ದೂರಕ್ಕೆ ನೆಲದ ಮೇಲೆ ಹಳದಿ ಗೆರೆ ಎಳೆದರು. ಗೋಡೆಗೆ ನಿಯಮಗಳ ಹಲಗೆ ತೂಗುಹಾಕಿದರು. ನಂಬರ್ ಕರೆದ ನಂತರವೇ ಒಳಗೆ ಹೋಗತಕ್ಕದ್ದು. ಸಾಲು ಬಿಟ್ಟು ಹೋದವರ ಚೀಟಿ ರದ್ದು. ಚೀಟಿಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಚೀಟಿ ವಿತರಿಸಿದ ಮೇಲೆ ನಿಯಮ ಬದಲಾಗದು. ಬೆಳಗ್ಗೆ ಕುರ್ಚಿ ಹಾಕಿಕೊಂಡು ಕೂತು ನಂಬರನ್ನು ಕರೆಯುತ್ತಿದ್ದುದೂ ಅವರೇ. ತಮ್ಮ ನಂಬರ್ ಬಂದಾಗ ತಾವೇ ತಮ್ಮನ್ನು ಕರೆದುಕೊಂಡು, "ಬಂದೆ" ಎಂದು ಎದ್ದು ಹೋಗುತ್ತಿದ್ದರಂತೆ.

ಸೋಮವಾರದಿಂದ ಶನಿವಾರದವರೆಗೆ ಆರು ದಿನ ಆರು ಸಹಿ. ಎಲ್ಲ ಅವರವೇ, ಗುಂಡಗೆ, ಕೆಳಗೆ ತಾರೀಕು ಹಾಕಿ. ಶನಿವಾರ ಪಟ್ಟು ಆ ಹಾಳೆ ತಂದು ತೋರಿಸಿದಳು. ಇನ್ನೊಂದೇ ಚೌಕ ಎಂದಳು. ಸೋಮವಾರ ಬೆಳಗ್ಗೆ ಟ್ಯೂಷನ್ನಿನವರಿಗೆ ಉತ್ತರ ಕೊಡಬೇಕಿತ್ತು.

ಭಾನುವಾರ ಒಂಬತ್ತು ಗಂಟೆಗೆ ಫೋನ್ ಬಂತು.

"ಮಿಸ್, ಬೇಗ ಬನ್ನಿ. ಅಪ್ಪಂಗೆ ಇನ್ನೂರ ಹದಿನೈದು ಬಂದಿದೆ."

"ಏನು, ಜ್ವರಾನಾ?"

"ಅಲ್ಲ ಮಿಸ್. ಚೀಟಿ."

ನಾನು ಹೋದಾಗ ಆ ಮನೆಯ ಬಾಗಿಲು ತೆರೆದೇ ಇತ್ತು. ಒಳಗಿನ ಕಿರುದಾರಿಯಲ್ಲಿ ಎದುರುಬದುರು ಎರಡು ಕುರ್ಚಿ. ಒಂದರಲ್ಲಿ ಅಪ್ಪ, ಹಳದಿ ಗೆರೆಯ ಈಚೆ, ಕಾಲ ಮೇಲೆ ಕಾಲು ಬಿಗಿಯಾಗಿ ಹಾಕಿಕೊಂಡು, ಕೈಯಲ್ಲೊಂದು ಚೀಟಿ ಹಿಡಿದು ಕೂತಿದ್ದರು. ಹಣೆಯ ಮೇಲೆ ಬೆವರು. ಇನ್ನೊಂದರಲ್ಲಿ ಅಜ್ಜಿ, ಹೆಗಲ ಮೇಲೆ ಟವೆಲ್, ಮಡಿಲ ತುಂಬ ಒಂದಕ್ಕೊಂದು ಅಂಟಿಕೊಂಡ ಚೀಟಿ. ಮಡಿಲಲ್ಲಿ ಹಿಡಿಸದ್ದು ನೆಲಕ್ಕಿಳಿದು ಕುರ್ಚಿಯ ಕಾಲಿಗೆ ಸುತ್ತಿಕೊಂಡಿತ್ತು. ಬಚ್ಚಲ ಬಾಗಿಲು ಹಾರುಹೊಡೆದಿತ್ತು, ಒಳಗೆ ಯಾರೂ ಇರಲಿಲ್ಲ.

ಪಟ್ಟು ನನ್ನ ಕೈ ಹಿಡಿದುಕೊಂಡಳು. "ಅಜ್ಜಿ ನಾಲ್ಕೂವರೆಗೇ ಬಂದು ಒಂದರಿಂದ ಇನ್ನೂರ ಹದಿನಾಲ್ಕರವರೆಗೆ ಒಬ್ಬರೇ ತಗೊಂಡಿದಾರೆ ಮಿಸ್. ಸುರುಳಿ ಮುಗಿಯೋವರೆಗೂ ಒತ್ತಿದಾರೆ. ಅಪ್ಪ ಎದ್ದು ಹೊಸ ಸುರುಳಿ ಹಾಕಿ ಒತ್ತಿದ್ರೆ ಇನ್ನೂರ ಹದಿನೈದು ಬಂತು. ಇವತ್ತಿನ ಸಹಿ ಆಗಿಲ್ಲ. ನನ್ನ ಕ್ಲಾಸು ಹೋಯ್ತು."

"ಅಮ್ಮ ಎಲ್ಲಿ?"

"ಪಕ್ಕದ ಮನೆಗೆ ಹೋದ್ರು. ಚಿಕ್ಕಪ್ಪ ಪೆಟ್ರೋಲ್ ಬಂಕಿಗೆ ಹೋದ್ರು. ಇಬ್ಬರದೂ ಚೀಟಿ ರದ್ದು."

ಹೌದು, ಗೋಡೆಯ ಹಲಗೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಇನ್ನೂರ ಹದಿನಾರು, ಇನ್ನೂರ ಹದಿನೇಳು, ರದ್ದು.

"ನಮಸ್ಕಾರ ಮೇಡಂ" ಎಂದರು ಅಪ್ಪ, ಏಳದೆ. ಎದ್ದರೆ ಅನಾಹುತ ಆದೀತೆಂದು ಮುಖವೇ ಹೇಳುತ್ತಿತ್ತು.

"ಸಾರ್, ಇದೇನಿದು? ಒಳಗೆ ಯಾರೂ ಇಲ್ಲ, ಬಾಗಿಲು ತೆಗೆದೇ ಇದೆ. ಎದ್ದು ಹೋಗಿ."

"ನನ್ನ ನಂಬರ್ ಇನ್ನೂರ ಹದಿನೈದು."

"ಪಕ್ಕದ ಮನೆಗಾದ್ರೂ ಹೋಗಿ."

"ಸಾಲು ಬಿಟ್ರೆ ರದ್ದು." ಹಲಗೆಯತ್ತ ಕಣ್ಣಲ್ಲೇ ತೋರಿಸಿದರು. ಕೈ ಎತ್ತುವ ಧೈರ್ಯವೂ ಇದ್ದಂತಿರಲಿಲ್ಲ.

"ಪಟ್ಟು, ಲ್ಯಾಪ್‌ಟಾಪ್ ತಾ. ಒಬ್ಬರಿಗೆ ಒಂದೇ ಚೀಟಿ ಅಂತ ಎರಡು ಸಾಲು ಸೇರಿಸಿದ್ರೆ ಮುಗೀತು" ಎಂದೆ.

"ಆಗಲ್ಲ ಮೇಡಂ. ಚೀಟಿ ವಿತರಿಸಿದ ಮೇಲೆ ನಿಯಮ ಬದಲಾಗದು. ಇಪ್ಪತ್ತಾರು ವರ್ಷ ಜನಕ್ಕೆ ಇದನ್ನೇ ಹೇಳಿದೀನಿ. ಮಳೇಲಿ ನಿಂತೋರಿಗೂ ಹೇಳಿದೀನಿ. ಈಗ ನನಗೆ ಅವಸರ ಅಂತ ಬದಲಾಯಿಸಿದ್ರೆ ನಾಳೆ ಯಾವ ಮುಖ ಇಟ್ಕೊಂಡು ಕೌಂಟರಲ್ಲಿ ಕೂರ್ಲಿ?"

ಮಾಡಿದ್ದುಣ್ಣೋ ಮಹರಾಯ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಏಕೆಂದರೆ ಪಟ್ಟು ಪಕ್ಕದಲ್ಲೇ ಹಾಳೆ ಹಿಡಿದು ನಿಂತಿದ್ದಳು, ಆರು ಸಹಿ, ಒಂದು ಖಾಲಿ ಚೌಕ.

"ಸಾರ್, ಆ ಒಂದು ಸಹಿ ಹಾಕಿಬಿಡಿ. ಹುಡುಗಿ ಅಳ್ತಿದಾಳೆ."

"ನಾನು ಇವತ್ತು ಬಳಸಿಲ್ಲ. ಬಳಸದೆ ಸಹಿ ಹಾಕಿದ್ರೆ ಸುಳ್ಳು ದಾಖಲೆ ಆಗತ್ತೆ." ಮಗಳ ಮುಖ ನೋಡಲು ಅವರಿಂದ ಆಗುತ್ತಿರಲಿಲ್ಲ ಎಂಬುದು ನನಗೆ ಕಂಡಿತು. ಕೆಟ್ಟ ಮನುಷ್ಯನಾಗಿದ್ದರೆ ಬೈದುಬಿಡಬಹುದಿತ್ತು. ಈ ಜಾತಿಯ ಪ್ರಾಮಾಣಿಕರನ್ನು ಕಟ್ಟಿಕೊಂಡು ಏಗುವುದು ದೇವರಿಗೂ ಕಷ್ಟ.

ಅಜ್ಜಿಯ ಕಡೆ ತಿರುಗಿದೆ. "ಅಜ್ಜೀ, ನಿಮ್ಮದು ಒಂದನೇ ನಂಬರು. ನೀವಾದ್ರೂ ಹೋಗಿ ಬನ್ನಿ. ಬಂದು ಸಹಿ ಹಾಕಿ. ಹುಡುಗಿ ಬದುಕ್ಕೊಳ್ತಾಳೆ."

"ನಂಬರ್ ಕರೀಲಿ, ಹೋಗ್ತೀನಿ. ಕರೆದ ನಂತರವೇ ಅಂತ ಹಲಗೇಲಿ ಬರೆದಿದೆಯಲ್ಲ ತಾಯಿ" ಎಂದರು ಅಜ್ಜಿ. "ಆರು ಗಂಟೆಯಿಂದ ಕೂತಿದೀನಿ. ಇವನು ಬಾಯೇ ಬಿಡ್ತಿಲ್ಲ."

"ಕರೆದ್ರೆ ಇನ್ನೂರ ಹದಿನಾಲ್ಕನ್ನೂ ಒಪ್ಪಿಕೊಂಡ ಹಾಗೆ" ಎಂದರು ಅಪ್ಪ ಹಲ್ಲು ಕಚ್ಚಿ. "ಒಬ್ಬರು ಇಷ್ಟು ಚೀಟಿ ತಗೊಂಡ್ರೆ ಅದು ದುರುಪಯೋಗ. ಯಾಕಮ್ಮ ಹೀಗೆ ಮಾಡ್ದೆ? ನಿನಗೇನು ಬಂತು ಇದರಿಂದ?"

ಅಜ್ಜಿ ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು.

ಏನು ಮಾಡಲೂ ತೋಚದೆ ಲ್ಯಾಪ್‌ಟಾಪ್ ತೆರೆದೆ. ತೋಚದಿದ್ದಾಗ ದಾಖಲೆ ನೋಡು ಎಂದು ನಾನೇ ಮಕ್ಕಳಿಗೆ ಹೇಳುವುದು. ಪಟ್ಟುವಿನ ಪ್ರೋಗ್ರಾಂ ಯಾವ ದಿನ ಯಾರಿಗೆ ಎಷ್ಟನೇ ನಂಬರು ಎಂದು ಬರೆದಿಡುತ್ತಿತ್ತು. "ಜೋರಾಗಿ ಓದು" ಎಂದೆ. ಅವಳು ಕಿರುದಾರಿಯ ನೆಲದ ಮೇಲೆ ಕೂತು ಓದಿದಳು.

"ಸೋಮವಾರ. ಅಪ್ಪ ಒಂದು, ಅಮ್ಮ ಎರಡು, ನಾನು ಮೂರು, ಚಿಕ್ಕಪ್ಪ ನಾಲ್ಕು, ಅಜ್ಜಿ ಐದು. ಮಂಗಳವಾರ. ಅಮ್ಮ ಒಂದು, ಅಪ್ಪ ಎರಡು, ಚಿಕ್ಕಪ್ಪ ಮೂರು, ನಾನು ನಾಲ್ಕು, ಅಜ್ಜಿ ಐದು. ಬುಧವಾರ. ನಾನು ಒಂದು..." ಅವಳ ದನಿ ನಿಧಾನವಾಯಿತು. "ಅಜ್ಜಿ ಐದು. ಗುರುವಾರ, ಅಜ್ಜಿ ಐದು. ಶುಕ್ರವಾರ ಐದು. ಶನಿವಾರ ಐದು."

ಹದಿನೆಂಟು ವರ್ಷ ಬ್ಯಾಂಕೊಂದರಲ್ಲಿ ಪ್ರೋಗ್ರಾಂ ಬರೆದು, ಆಮೇಲೆ ಇಷ್ಟು ವರ್ಷ ಪಾಠ ಹೇಳಿ, ಯಾರು ಬಳಸುತ್ತಾರೆ ಎಂದು ದೊಡ್ಡದಾಗಿ ಕೇಳುವ ನನಗೆ, ಕೊನೆಯಲ್ಲಿ ನಿಂತಿರುವವರು ಯಾರು ಎಂದು ಕೇಳಲು ಹೊಳೆದಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಬೈದುಕೊಂಡೆ.

"ಓದಿದ್ದಾಯ್ತಾ?" ಎಂದರು ಅಜ್ಜಿ. "ಅದರಲ್ಲಿರೋದು ಆರು ದಿನದ್ದು ಮಾತ್ರ. ನಾನು ಈ ಮನೆಗೆ ಬಂದು ನಲವತ್ತೊಂಬತ್ತು ವರ್ಷ. ಆಗ ಮಾವ ಮೊದ್ಲು. ಆಮೇಲೆ ನಿಮ್ಮಪ್ಪ. ಆಮೇಲೆ ನೀವಿಬ್ರು, ಸ್ಕೂಲಿಗೆ ಹೊತ್ತಾಯ್ತು ಅಂತ. ಆಮೇಲೆ ನೀನು ಆಫೀಸಿಗೆ. ಆಮೇಲೆ ಇವಳು ಸ್ಕೂಲಿಗೆ. ಈ ಮನೇಲಿ ಸ್ಕೂಲೂ ಮುಗೀಲಿಲ್ಲ, ಆಫೀಸೂ ಮುಗೀಲಿಲ್ಲ. ನನಗೆ ಯಾವತ್ತೂ ಸರದಿ ಅಂತ ಇರ್ಲಿಲ್ಲ ಕಣೋ. ಮಿಕ್ಕಿದ್ದು ನನಗೆ, ಅಷ್ಟೇ."

"ಹೇಳಬಾರದಿತ್ತಾ ಅಮ್ಮ."

"ಏನಂತ ಹೇಳೋದು, ಬಚ್ಚಲಿಗೆ ನನ್ನ ಮೊದ್ಲು ಬಿಡಿ ಅಂತಾನಾ? ನಾಚಿಕೆ ಇಲ್ವಾ. ಈ ಪೆಟ್ಟಿಗೆ ತಂದಾಗ ನನಗೆ ಖುಷಿಯಾಯ್ತು. ಇನ್ಮೇಲೆ ನನಗೂ ಸರದಿ ಬರತ್ತೆ ಅಂದ್ಕೊಂಡೆ. ದಿನಾ ಒತ್ತಿದೆ. ನನ್ನ ಮಂಡಿ ಎದ್ದು ಇಲ್ಲಿಗೆ ಬರೋ ಹೊತ್ತಿಗೆ ನೀವು ನಾಲ್ಕೂ ಜನ ಒತ್ತಿ ಆಗಿರೋದು. ಅದಕ್ಕೇ ಇವತ್ತು ನಾಲ್ಕಕ್ಕೇ ಎದ್ದೆ. ಪೆಟ್ಟಿಗೆ ಏಳೋ ಮುಂಚೆ ಒಳಗೆ ಹೋಗಿ ಬಂದು ಕಾಯ್ತಾ ನಿಂತೆ. ಒಂದು ಒತ್ತಿದೆ, ಒಂದು ಬಂತು. ನಾಳೆಗೆ ಇರ್ಲಿ ಅಂತ ಇನ್ನೊಂದು ಒತ್ತಿದೆ. ನಾಡಿದ್ದಕ್ಕೆ ಒಂದು. ದಿನಾ ನಾಲ್ಕಕ್ಕೆ ಏಳೋಕಾಗತ್ತಾ? ಬದುಕಿರೋವಷ್ಟು ದಿನಕ್ಕೆ ಒಟ್ಟಿಗೇ ತಗೊಂಡ್ಬಿಡೋಣ ಅಂತ ಒತ್ತಿದೆ. ಅಷ್ಟರಲ್ಲಿ ಕಾಗದ ಮುಗೀತು."

ಚೀಟಿ ಆ ದಿನಕ್ಕೆ ಮಾತ್ರ, ನಾಳೆ ಮತ್ತೆ ಒಂದರಿಂದ ಶುರು ಎಂದು ಹೇಳಲು ಪಟ್ಟು ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ.

"ಸಾರ್, ಒಂದು ಮಾತು ಕೇಳ್ತೀನಿ" ಎಂದೆ. "ನಿಮ್ಮ ಕೌಂಟರಿಗೆ ವಯಸ್ಸಾದ ಹೆಂಗಸೊಬ್ಬರು ಬಂದು ಒಂದನೇ ನಂಬರ್ ಚೀಟಿ ತೋರಿಸಿದ್ರೆ ಏನು ಮಾಡ್ತೀರಿ?"

ಅಪ್ಪ ಹಳದಿ ಗೆರೆಯನ್ನು ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿದರು.

"ಒಂದು" ಎಂದು ಕರೆದರು. ಕಚೇರಿಯ ದನಿಯಲ್ಲೇ ಕರೆದರು, ಆದರೆ ಅದು ಕೊನೆಗೆ ಒಡೆಯಿತು.

"ಬಂದೆ" ಎಂದರು ಅಜ್ಜಿ. ಮಡಿಲ ಚೀಟಿಗಳನ್ನೆಲ್ಲ ಮಡಿಸಿ ಮೊಮ್ಮಗಳ ಕೈಗೆ ಕೊಟ್ಟು, "ಯಾರಿಗೂ ಕೊಡ್ಬೇಡ" ಎಂದು ಎಚ್ಚರಿಸಿ, ಗೋಡೆ ಹಿಡಿದು ಎದ್ದು, ಗೆರೆ ದಾಟಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದಿಗೆ ಅಪ್ಪನ ಮುಖ ಸಣ್ಣದಾಯಿತು.

ಅಜ್ಜಿ ಒಳಗಿದ್ದದ್ದು ಒಂದು ಗಂಟೆ ಹತ್ತು ನಿಮಿಷ. ನಾನು ಗಡಿಯಾರ ನೋಡಿ ಹೇಳುತ್ತಿದ್ದೇನೆ. ಒಳಗೆ ನೀರು ಬೀಳುವ ಸದ್ದು ಕೇಳಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳಿಸುತ್ತಿತ್ತು. ಪ್ರತಿ ಸಲ ನೀರು ಬಿದ್ದಾಗಲೂ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಮ್ಮ ಪಕ್ಕದ ಮನೆಯಿಂದ ಬಂದು, "ಇನ್ನೂ ಮುಗೀಲಿಲ್ವಾ?" ಎಂದು ಕೇಳಿ, ದಾಖಲೆಯ ವಿಷಯ ಮಗಳ ಬಾಯಿಂದ ತಿಳಿದು, ಅಡುಗೆಮನೆಗೆ ಹೋಗಿ ಯಾವ ಕೆಲಸವನ್ನೂ ಮಾಡದೆ ನಿಂತರು. ಚಿಕ್ಕಪ್ಪ ಪೆಟ್ರೋಲ್ ಬಂಕಿನಿಂದ ಬಂದು ನೇರವಾಗಿ ತನ್ನ ಕೋಣೆ ಸೇರಿದ. ಆ ದಿನ ಅವನ ಗಡ್ಡ ಹಾಗೆಯೇ ಉಳಿಯಿತು.

ಬಾಗಿಲು ತೆರೆದಾಗ ಆವಿ ಕಿರುದಾರಿಗೆಲ್ಲ ತುಂಬಿಕೊಂಡಿತು, ನನ್ನ ಪಾಠದ ಕೋಣೆಯ ಹಾಗೆ. ಅದರೊಳಗಿನಿಂದ ಅಜ್ಜಿ ಬಂದರು. ಮುಖ ಕೆಂಪಗಾಗಿತ್ತು, ಕೂದಲಿಂದ ನೀರು ಇಳಿಯುತ್ತಿತ್ತು. ಗೆರೆಯ ಮೇಲೆ ನಿಂತು ಮಗನನ್ನು ನೋಡಿದರು.

"ಈ ಗೀಸರ್ ನೀರು ಇಷ್ಟು ಬಿಸಿ ಇರತ್ತೇನೋ?" ಎಂದು ಕೇಳಿದರು.

ಅದರಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಆ ಗೀಸರ್ ಹಾಕಿಸಿ ಹದಿನೇಳು ವರ್ಷವಾಗಿತ್ತಂತೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಪ್ಪನ ಕಣ್ಣಲ್ಲಿ ನೀರು ಬಂದದ್ದು ಕಟ್ಟಿಕೊಂಡು ಕೂತದ್ದರಿಂದಲೋ ಇನ್ನೊಂದರಿಂದಲೋ ನಾನು ಹೇಳಲಾರೆ. ನನ್ನ ಕಣ್ಣಲ್ಲಿ ಬಂದದ್ದಕ್ಕೆ ಮಾತ್ರ ಕಾರಣ ಒಂದೇ.

"ತಾ, ಎಲ್ಲಿ ಸಹಿ?" ಎಂದರು ಅಜ್ಜಿ.

ಪಟ್ಟು ಹಾಳೆ ಚಾಚಿದಳು. ಅಜ್ಜಿ ಗೋಡೆಗೆ ಒತ್ತಿ ಹಿಡಿದು, ಒದ್ದೆ ಕೈಯಲ್ಲಿ, ಏಳನೇ ಚೌಕದಲ್ಲಿ ಒಂದೊಂದೇ ಅಕ್ಷರ ಬರೆದರು. ಅರ್ಧ ಅಕ್ಷರ ಚೌಕದಿಂದ ಹೊರಗೆ ಹೋಯಿತು.

"ಆರು ನಂದು, ಏಳನೇದು ಬೇರೆಯವರದು" ಎಂದರು ಅಪ್ಪ ಕ್ಷೀಣ ದನಿಯಲ್ಲಿ. ಅಭ್ಯಾಸಬಲ, ಪಾಪ. "ಬಳಸಿದವರು ಒಬ್ಬರೇ ಆಗಿರಬೇಕಾ, ಬೇರೆಬೇರೆ ಆಗಬಹುದಾ..."

"ಫಾರ್ಮ್ ಬರೆದವಳು ನಾನು. ಆಗಬಹುದು" ಎಂದೆ.

ಅಜ್ಜಿ ಮೊಮ್ಮಗಳ ಕೈಯಿಂದ ಚೀಟಿಗಳನ್ನು ತೆಗೆದುಕೊಂಡು ಒಂದರ ಮುಂದಿನದನ್ನು ಹರಿದು ತೆಗೆದರು. "ಇದು ಎರಡು. ಇವಳನ್ನ ಆ ಪಾಠ ಬಿಡಿಸ್ತೀಯಾ?"

"ಅದಕ್ಕೂ ಇದಕ್ಕೂ ಏನಮ್ಮ..."

"ಬಿಡಿಸ್ತೀಯಾದ್ರೆ ಹೇಳು. ಇನ್ನೊಂದು ಸಲ ತಲೆಗೆ ಹಾಕ್ಕೊಂಡು ಬರ್ತೀನಿ. ಮೂರನ್ನೂ ಕರಿ, ನಾಲ್ಕನ್ನೂ ಕರಿ. ನನಗೇನು ಆಫೀಸಿದೆಯಾ."

"ಬಿಡಿಸಲ್ಲ."

"ಇಲ್ಲಿ ಮೇಡಂ ಮುಂದೆ ಹೇಳು."

"ಬಿಡಿಸಲ್ಲ ಮೇಡಂ. ಏಳು ಅಂದ್ರೆ ಏಳು. ಬಿಡಿಸಲ್ಲ."

ಅಜ್ಜಿ ಎರಡನೇ ಚೀಟಿ ಚಾಚಿದರು. ಅಪ್ಪ ಅದನ್ನು ನೋಡಿದರು, ಹಲಗೆಯನ್ನು ನೋಡಿದರು. ವರ್ಗಾಯಿಸುವಂತಿಲ್ಲ ಎಂಬ ಸಾಲನ್ನು ಅವರ ತುಟಿ ಸದ್ದಿಲ್ಲದೆ ಓದಿತು. ಆಮೇಲೆ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಇನ್ನೊಬ್ಬರ ಚೀಟಿ ಕಸಿದುಕೊಂಡು ಗೆರೆ ದಾಟಿ ಓಡಿದರು.

ಮುಂದಿನ ಶನಿವಾರ ಪಟ್ಟು ಹೊತ್ತಿಗೆ ಸರಿಯಾಗಿ ಬಂದಳು.

"ಒಬ್ಬರಿಗೆ ಒಂದೇ ಚೀಟಿ ಅಂತ ಸರಿಮಾಡಿದ್ಯಾ?"

"ಮಾಡಿದೆ ಮಿಸ್. ಆದ್ರೆ ಯಾರೂ ಒತ್ತುತ್ತಿಲ್ಲ. ಸೋಮವಾರ ಬೆಳಗ್ಗೆ ಅಪ್ಪ ಐದೂಮುಕ್ಕಾಲಿಗೇ ಎದ್ದು ಬಂದ್ರು. ಒತ್ತಲಿಲ್ಲ. ಗೆರೆ ಹಿಂದೆ ಸುಮ್ನೆ ನಿಂತ್ರು. ಅಮ್ಮ ಬಂದ್ರು, ಅಪ್ಪನ ಹಿಂದೆ ನಿಂತ್ರು. ಆಮೇಲೆ ಚಿಕ್ಕಪ್ಪ, ಆಮೇಲೆ ನಾನು. ಏಳು ಗಂಟೆಗೆ ಅಜ್ಜಿ ಎದ್ದು ಬಂದ್ರು. ಇದೇನ್ರೋ ಹೀಗೆ ನಿಂತಿದೀರಿ ಅಂತ ನಕ್ಕು, ಎರಡರ ಮುಂದಿನ ಚೀಟಿ ಹರಿದು ಅಪ್ಪನ ಕೈಗೆ ಕೊಟ್ರು. ಅಪ್ಪ ಅದನ್ನ ತಗೊಂಡು 'ಮೂರು' ಅಂತ ಕರೆದ್ರು. ಅಜ್ಜಿ 'ಬಂದೆ' ಅಂತ ಒಳಗೆ ಹೋದ್ರು. ದಿನಾ ಹಾಗೇ ನಡೀತಿದೆ. ಚೀಟಿಗೆ ತಾರೀಕು ಮುಗಿದಿದೆ ಅಂತ ಅಪ್ಪ ಒಂದು ದಿನಾನೂ ಹೇಳಿಲ್ಲ ಮಿಸ್."

ನನ್ನ ಫಾರ್ಮಿನಲ್ಲಿ ಈಗ ನಾಲ್ಕು ಪ್ರಶ್ನೆಗಳಿವೆ. ನಾಲ್ಕನೆಯದು, ಈಗ ಎಲ್ಲರಿಗಿಂತ ಕೊನೆಯಲ್ಲಿ ಯಾರಿದ್ದಾರೆ? ಹೊಸ ಪ್ರಾಜೆಕ್ಟಿಗೆ ಪಟ್ಟು ಆ ಹಾಳೆ ತುಂಬಿ ತಂದಿದ್ದಳು. ಗೀಸರ್ ನೀರು ಯಾರ ಪಾಲಿಗೆ ಎಷ್ಟು ಬಿಸಿ ಇತ್ತೆಂದು ಬರೆದಿಡುವ ಪ್ರೋಗ್ರಾಂ. ನಾಲ್ಕನೇ ಪ್ರಶ್ನೆಯ ಎದುರು "ಅಪ್ಪ" ಎಂದು ಬರೆದಿದ್ದಳು. ಅದರ ಕೆಳಗೆ ಸಣ್ಣಗೆ, "ಬೇಕಂತಲೇ ಕೊನೆಗೆ ಹೋಗ್ತಾರೆ. ನೀರು ತಣ್ಣಗಿರತ್ತೆ. ಕೇಳಿದ್ರೆ ಬಿಸಿ ಇತ್ತು ಅಂತಾರೆ" ಎಂದಿತ್ತು.

ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸುಳ್ಳು ದಾಖಲೆ ಮಾಡದವರು. ನಾನು ಆ ಹಾಳೆಗೆ 'ಆಗಬಹುದು' ಎಂದು ಬರೆದು ಸಹಿ ಹಾಕಿದೆ.